ಅಬ್ಬೆಗೆ ಸೊಲ್ಲು ಕೊಡುತ್ತಿದ್ದವಳು

ಈ ಸಂಗತಿಯನ್ನು ನನ್ನ ತಮ್ಮ ಮಂಜುನಾಥನ ಎದುರಿಗೆ ನಾನು ಹೇಳುವುದಿಲ್ಲ. ಸುಳ್ಳೆಂದು ಅವನು ಜಗಳ ಮಾಡುತ್ತಾನೆ ಅಂತಲ್ಲ. ಮಾತು ಅತ್ತ ತಿರುಗಿದರೆ ಸಾಕು, ಚಹಾದ ಲೋಟ ಅಲ್ಲೇ ಇಟ್ಟು ಎದ್ದು ಹೋಗುತ್ತಾನೆ. ಭಟ್ಕಳದ ಪಕ್ಕದ ಜಾಲಿಯಲ್ಲಿ ಫ್ರಿಜ್ಜು ರಿಪೇರಿ ಅಂಗಡಿ ಇಟ್ಟುಕೊಂಡವನು ಅವನು. ದೆವ್ವ ಭೂತ ಅಂದರೆ ನಗುತ್ತಿದ್ದವನು. ಅವನ ಕಿವಿಗೂ ಬಿದ್ದದ್ದರಿಂದಲೇ ನನಗೆ ತಲೆ ಕೆಟ್ಟಿಲ್ಲ ಎಂಬ ಧೈರ್ಯ ಬಂದದ್ದು.

ಅವನ ಕಿವಿಗೂ ಬಿದ್ದದ್ದರಿಂದಲೇ ಭಯವೂ ಹುಟ್ಟಿದ್ದು...

ನಾನು ನಾಗವೇಣಿ. ಕುಮಟಾ ಪೇಟೆಯಲ್ಲಿ ಹೊಲಿಗೆ ಅಂಗಡಿ ಇದೆ. ಗಂಡ ಗೋವೆಯ ಹೋಟೆಲೊಂದರಲ್ಲಿ ಅಡುಗೆ ಕೆಲಸ, ಹಬ್ಬಕ್ಕೆ ಬಂದರೆ ಬಂದ. ಮಕ್ಕಳಿಲ್ಲ. ಅಪ್ಪ ಹೋದ ಮೇಲೆ ಅಬ್ಬೆಯನ್ನು ಸಂತೆಗುಳಿ ಕಡೆಯ ನಮ್ಮ ಹಳ್ಳಿಯಿಂದ ನನ್ನ ಬಾಡಿಗೆ ಮನೆಗೆ ಕರೆದುಕೊಂಡು ಬಂದೆ. ಎರಡೇ ಕೋಣೆಯ ಮನೆ. ಹಿಂದಿನ ಕೋಣೆಯಲ್ಲಿ ಅಬ್ಬೆಯ ಮಂಚ. ಅದರ ಕಿಟಕಿ ತೆಗೆದರೆ ಬಾವಿಕಟ್ಟೆ, ಅದರಾಚೆ ನೆರೆಮನೆ ಶಾಲಿನಿಬಾಯಿಯ ಗೋಡೆ.

ಮೊದಮೊದಲು ಮರೆವು ಅಷ್ಟೇ ಇತ್ತು. ಚಹಾ ಕುಡಿದು ಮತ್ತೆ ಚಹಾ ಕೇಳುವುದು, ಅಪ್ಪ ಇನ್ನೂ ಗದ್ದೆಯಿಂದ ಬರಲಿಲ್ಲವಾ ಎನ್ನುವುದು. ಆಮೇಲೆ ಒಮ್ಮೆ ಬಿದ್ದು ಹೊನ್ನಾವರದ ಆಸ್ಪತ್ರೆಯಲ್ಲಿ ಕೆಲವು ದಿನ ಇರಬೇಕಾಯಿತು. ಅಲ್ಲಿಂದ ಮನೆಗೆ ಬಂದದ್ದು ಅಬ್ಬೆಯ ಮೈ ಮಾತ್ರ. ಆಸ್ಪತ್ರೆ ಅವಳ ತಲೆಯಲ್ಲೇ ಉಳಿದುಬಿಟ್ಟಿತು. ನನ್ನನ್ನು "ನರ್ಸಮ್ಮ" ಎಂದು ಕರೆಯಲು ಶುರು ಮಾಡಿದಳು.

"ನರ್ಸಮ್ಮ, ನನ್ನ ಮಗಳು ಯಾವಾಗ ಬತ್ತಾಳೆ?"

"ನಾನೇ ಅಬ್ಬೆ ನಿನ್ನ ಮಗಳು. ನಾಗವೇಣಿ."

"ಸುಳ್ಳು ಹೇಳ್ಬೇಡ. ಅವ್ಳು ಇಷ್ಟು ಮುದುಕಿ ಅಲ್ಲ."

ಮೊದಲ ಸಲ ನಗು ಬಂತು. ಎರಡನೆಯ ಸಲ ಅಳು. ಆಮೇಲೆ ಬಂದದ್ದು ಬರೀ ಸಿಟ್ಟು. ಇಲ್ಲಿ ಸತ್ಯವನ್ನೇ ಹೇಳುತ್ತೇನೆ, ಕೇಳುವವರು ಏನಾದರೂ ಅಂದುಕೊಳ್ಳಲಿ. ಬಾಯಿಗೆ ಇಟ್ಟ ಗಂಜಿಯನ್ನು ನನ್ನ ಸೀರೆಗೆ ಉಗಿದು, ಮರುಗಳಿಗೆಯೇ ಕಿಟಕಿಯಲ್ಲಿ ನಿಂತು "ಶಾಲಿನಿಬಾಯಿ, ಇವ್ಳು ನಂಗೆ ಊಟ ಹಾಕ್ಲಿಲ್ಲ" ಎಂದು ಕೂಗುವಾಗ ಯಾವ ಮಗಳಿಗೆ ಕರುಣೆ ಉಕ್ಕುತ್ತದೆ? ಹಗಲೆಲ್ಲ ಗೊರಕೆ ಹೊಡೆದು ಮಲಗುವುದು, ರಾತ್ರಿ ನಾನು ದೀಪ ಆರಿಸಿದ ಕೂಡಲೇ ಎದ್ದು ಕೂರುವುದು. ನಾನು ಅಂಗಡಿಯಲ್ಲಿ ಮಿಷನ್ನಿನ ಮೇಲೆ ತೂಕಡಿಸಿ ಗಿರಾಕಿಯೊಬ್ಬಳ ರವಿಕೆಗೆ ತೋಳು ಉಲ್ಟಾ ಹೊಲಿದಿಟ್ಟೆ.

ಮಂಜನಿಗೆ ಫೋನು ಮಾಡಿದರೆ, "ಅಕ್ಕ, ಸ್ವಲ್ಪ ಪ್ರೀತಿಯಿಂದ ಹೇಳಿ ಕಾಣು. ಸಣ್ಣ ಮಕ್ಳಂಗೆ ಅಲ್ದಾ ಅವ್ಳು ಈಗ" ಎನ್ನುತ್ತಿದ್ದ.

"ಒಂದು ರಾತ್ರಿ ನೀನೇ ಬಂದು ಪ್ರೀತಿಯಿಂದ ಹೇಳಿ ಹೋಗು ಮಾರಾಯ" ಎಂದು ಫೋನು ಇಡುತ್ತಿದ್ದೆ.

ಹೀಗಿರುವಾಗ ದೀಪಾವಳಿ ಕಳೆದ ಮೇಲಿನ ದಿನಗಳಲ್ಲಿ ಹಾಡು ಶುರುವಾಯಿತು.

ನನ್ನ ಅಬ್ಬೆ ಹಳ್ಳಿಯಲ್ಲಿ ಹೆಸರು ಮಾಡಿದ ಹಾಡುಗಾರ್ತಿ. ಗದ್ದೆ ನೆಟ್ಟಿಗೆ ಹೆಂಗಸರು ಸಾಲಾಗಿ ನಿಂತರೆ ಮೊದಲ ಸೊಲ್ಲು ಅವಳದೇ. ಸೊಲ್ಲು ಅಂದರೆ ಹಾಡಿನ ಒಂದು ಸಾಲು. ಒಬ್ಬಳು ಒಂದು ಸೊಲ್ಲು ಎತ್ತಿದರೆ ಇನ್ನೊಬ್ಬಳು ಅದಕ್ಕೆ ಮರುಸೊಲ್ಲು ಕೊಡಬೇಕು. ಅಬ್ಬೆಗೆ ಮರುಸೊಲ್ಲು ಕೊಡುತ್ತಿದ್ದವಳು ಹೊನ್ನಿ ಚಿಕ್ಕಿ. ಸಂಬಂಧದಲ್ಲಿ ಚಿಕ್ಕಿಯಲ್ಲ, ಪಕ್ಕದ ಮನೆಯವಳು, ಅಬ್ಬೆಯ ಜೀವದ ಗೆಳತಿ. ಅಬ್ಬೆಯದು ಅಗಲವಾದ ದಪ್ಪ ಧ್ವನಿ. ಹೊನ್ನಿ ಚಿಕ್ಕಿಯದು ತೆಳ್ಳಗೆ, ಸಾಲಿನ ಕೊನೆಗೆ ಬಂದಾಗ ಸ್ವಲ್ಪ ಒಡೆಯುತ್ತಿತ್ತು. ಆ ಒಡಕು ಕೇಳಿದರೆ ಯಾರಿಗೂ ಅವಳೇ ಎಂದು ಗೊತ್ತಾಗುತ್ತಿತ್ತು. ಎಷ್ಟೋ ವರ್ಷದ ಹಿಂದೆ ಅವಳು ಮಗನ ಸಂಗಡ ಊರು ಬಿಟ್ಟು ಹೋದಳು. ಆಮೇಲೆ ಸುದ್ದಿಯಿಲ್ಲ. ಸತ್ತಿರಬೇಕೆಂದೇ ನಾನು ತಿಳಿದಿದ್ದೆ.

ಆ ರಾತ್ರಿ ನನಗೆ ಎಚ್ಚರವಾದಾಗ ಅಬ್ಬೆ ಕತ್ತಲಲ್ಲಿ ಮಂಚದ ಮೇಲೆ ಕೂತು ಹಾಡುತ್ತಿದ್ದಳು.

"ಹೊಳೆಯಾಚೆ ಗದ್ದೆಗೆ ಹಕ್ಕಿ ಬಂತಂತೆ..."

ಒಂದು ಮಾತೂ ತಪ್ಪದೆ, ಉಸಿರೂ ಎಳೆಯದೆ. ನನ್ನ ಹೆಸರು ನೆನಪಿಲ್ಲದ ಬಾಯಿಯಲ್ಲಿ ಪೂರಾ ಸೊಲ್ಲು. ಹಾಡಿ ನಿಲ್ಲಿಸಿದಳು. ಮರುಸೊಲ್ಲಿಗೆ ಬೇಕಾಗುವಷ್ಟು ಹೊತ್ತು ಸುಮ್ಮನಿದ್ದಳು. ತಲೆ ಅಲ್ಲಾಡಿಸಿ ಮುಂದಿನ ಸೊಲ್ಲು ಎತ್ತಿದಳು.

ನನಗೆ ಏನೂ ಕೇಳಿಸಲಿಲ್ಲ. ಮೈಯೆಲ್ಲ ಸಿಟ್ಟು. "ಸಾಕು ಮಾಡೆ ಅಬ್ಬೆ! ಬೆಳಗಾದ್ರೆ ನಂಗೆ ಕೆಲ್ಸ ಅದೆ!" ಎಂದು ಕೂಗಿ ದಿಂಬಿನಿಂದ ಕಿವಿ ಮುಚ್ಚಿಕೊಂಡೆ.

ಬೆಳಿಗ್ಗೆ ನೀರು ಸೇದುವಾಗ ಶಾಲಿನಿಬಾಯಿ ಗೋಡೆಯಾಚೆಯಿಂದ ಕೇಳಿದಳು, "ನಾಗವೇಣಿ, ಮನೆಗೆ ಯಾರು ನೆಂಟ್ರು ಬಂದದ್ದು?"

"ಯಾರೂ ಇಲ್ಲ ಬಾಯಿ. ಎಂತಕೆ?"

"ಇಲ್ಲ... ರಾತ್ರಿ ಇಬ್ರು ಹಾಡ್ತಾ ಇದ್ರಲ್ಲ. ನಿನ್ನ ಆಯಿ ಮತ್ತೆ ಇನ್ನೊಬ್ಳು. ಚಂದ ಹಾಡ್ತಾಳೆ ಅವ್ಳು. ನಾನು ಎದ್ದು ಕೂತು ಕೇಳಿದೆ."

ಅಬ್ಬೆಯೇ ಎರಡು ದನಿಯಲ್ಲಿ ಹಾಡಿರಬೇಕು ಎಂದೆ. ಅವಳು ಹೌದೋ ಅಲ್ಲವೋ ಎನ್ನುವಂತೆ ಮುಖ ಮಾಡಿ ಒಳಗೆ ಹೋದಳು. ಕೊಡ ಅರ್ಧ ತುಂಬಿತ್ತು. ಅಷ್ಟನ್ನೇ ಎತ್ತಿಕೊಂಡು ಬಂದೆ.

ಅಂದಿನಿಂದ ರಾತ್ರಿ ನಿದ್ದೆ ಬಂದರೂ ಕಿವಿ ಮಲಗಲಿಲ್ಲ.

ಕೆಲವು ರಾತ್ರಿ ಏನೂ ಇಲ್ಲ. ಬರೀ ಅಬ್ಬೆಯ ಸೊಲ್ಲು, ನಡುವೆ ಮೌನ. ಒಂದು ರಾತ್ರಿ ಮಾತ್ರ ಮೊದಲು ವಾಸನೆ ಬಂತು. ನೆಟ್ಟಿಯ ದಿನ ಗದ್ದೆಯಿಂದ ಬಂದವರ ಮೈಯಿಂದ ಬರುತ್ತದಲ್ಲ, ಕಲಸಿದ ಕೆಸರು, ಕಿತ್ತ ಸಸಿಯ ಬೇರು, ಆ ಹಸಿ ವಾಸನೆ. ನೆಲ ಒಣಗಿ ಧೂಳೇಳುವ ಕಾಲ. ಪೇಟೆಯ ನಡುವಿನ ಮನೆ. ಸುತ್ತ ಎಲ್ಲೂ ಗದ್ದೆಯಿಲ್ಲ. ಆದರೂ ಕಿಟಕಿಯಿಂದ ಕೆಸರಿನ ವಾಸನೆ ಗಾಳಿಯಿಲ್ಲದೆ ಒಳಗೆ ಬರುತ್ತಿತ್ತು...

ಅಬ್ಬೆ ಸೊಲ್ಲು ಮುಗಿಸಿ ನಿಲ್ಲಿಸಿದಳು.

ಬಾವಿಕಟ್ಟೆಯ ಕಡೆಯಿಂದ ಮರುಸೊಲ್ಲು ಬಂತು.

"ಹಕ್ಕಿಯ ಕೊಕ್ಕಲ್ಲಿ ಬಂಗಾರ ತೆನೆಯಂತೆ..."

ತೆಳ್ಳಗಿನ ದನಿ. ಕೊನೆಯಲ್ಲಿ ಒಡೆಯಿತು.

ನಾನು ಚಾಪೆಯ ಮೇಲೆ ಬಿದ್ದಲ್ಲೇ ಇದ್ದೆ. ಕಿಟಕಿಯ ಹೊರಗೆ ಬೀದಿದೀಪದ ಬೆಳಕಿತ್ತು. ಬಾವಿಯ ರಾಟೆ ಕಾಣುತ್ತಿತ್ತು, ಹಗ್ಗ ಕಾಣುತ್ತಿತ್ತು. ಮನುಷ್ಯರಿಲ್ಲ. ಅಬ್ಬೆಯ ಮುಖ ಮಾತ್ರ ನೋಡಬೇಕಿತ್ತು! ಗಂಜಿ ಉಗಿಯುವ, ನನ್ನ ಕೈ ಪರಚುವ ಆ ಮುಖ ಹೂವಿನ ಹಾಗೆ ಅರಳಿತ್ತು.

ಹೆದರಿದೆ, ನಿಜ. ಆದರೆ ಹೆದರಿಕೆಗಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ಬೇರೆಯೇ. ತೊಳೆಯುವವಳು ನಾನು, ಒರೆಸುವವಳು ನಾನು, ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯಿಂದ ದಿನಾ ಮೊಣಕಾಲು ತಿಕ್ಕುವವಳು ನಾನು. ಈ ನಗು ಮಾತ್ರ ಬಾವಿಕಟ್ಟೆಯ ಕತ್ತಲಿಗೆ!

ಮರುದಿನ ರಾತ್ರಿ ನಾನು ಮಲಗಲೇ ಇಲ್ಲ. ಅಬ್ಬೆಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಕಿಟಕಿ ಮುಚ್ಚಿ ಚಿಲಕ ಹಾಕಿದೆ. ಅಬ್ಬೆ ಎದ್ದಳು, ಗೋಡೆಗೆ ಒರಗಿದಳು, ಅದೇ ಹಕ್ಕಿಯ ಸೊಲ್ಲು ಎತ್ತಿದಳು. ನಿಲ್ಲಿಸಿದ ತಕ್ಷಣ, ಬೇರೆ ಯಾರೂ ಬಾಯಿ ತೆರೆಯುವ ಮೊದಲೇ, ನಾನು ಹಾಡಿದೆ. ಚಿಕ್ಕಂದಿನಿಂದ ಗದ್ದೆಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಒಂದು ಅಕ್ಷರವೂ ತಪ್ಪಲಿಲ್ಲ.

"ಹಕ್ಕಿಯ ಕೊಕ್ಕಲ್ಲಿ ಬಂಗಾರ ತೆನೆಯಂತೆ..."

ಅಬ್ಬೆ ನನ್ನ ಕಡೆ ತಿರುಗಿದಳು. ಈಗ ಗುರುತು ಸಿಕ್ಕಿತು, ಈಗ ಹೆಸರು ಹೇಳುತ್ತಾಳೆ ಎಂದುಕೊಂಡೆ.

"ಯಾರದು ನಡುವೆ ಬಾಯಿ ಹಾಕುದು?" ಎಂದಳು. ಎಷ್ಟು ಬಿರುಸು! "ನೀ ಹೇಳೆ ಹೊನ್ನಿ."

ಮುಚ್ಚಿದ ಕಿಟಕಿಯ ಆ ಕಡೆ, ಹಲಗೆಗೆ ಬಾಯಿ ತಾಗಿಸಿ ಹಾಡಿದಷ್ಟು ಹತ್ತಿರದಲ್ಲಿ, ಅದೇ ಸಾಲು ಮತ್ತೆ ಕೇಳಿಸಿತು. ನಾನು ಹಾಡಿದ ಸಾಲೇ. ಕೊನೆಯ ಒಡಕೊಂದು ಹೆಚ್ಚು.

"ಹೂಂ. ಈಗ ಸರಿ ಆತು" ಎಂದಳು ಅಬ್ಬೆ.

ನಾನು ಎದ್ದು ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಹೆದರಿಕೆಯಿಂದ ನಡುಗುತ್ತಿದ್ದೆನೋ ಹೊಟ್ಟೆಯುರಿಯಿಂದಲೋ ನನಗೇ ತಿಳಿಯಲಿಲ್ಲ. ಬೆಳಗಾಗುವವರೆಗೂ ಎರಡು ದನಿಗಳು ಗೋಡೆಯಾಚೆ ಒಂದಕ್ಕೊಂದು ಕೊಟ್ಟು ತೆಗೆದುಕೊಳ್ಳುತ್ತಲೇ ಇದ್ದವು.

ಬೆಳಿಗ್ಗೆ ಮಂಜನಿಗೆ ಫೋನು ಮಾಡಿ ಒಂದೇ ಮಾತು ಹೇಳಿದೆ. "ಇವತ್ತು ನೀ ಬರ್ಲಿಲ್ಲ ಅಂದ್ರೆ ಅಬ್ಬೆನ ಇಲ್ಲೇ ಬಿಟ್ಟು ಗೋವೆ ಬಸ್ಸು ಹತ್ತುತೆ."

ಸಂಜೆಯ ಹೊತ್ತಿಗೆ ಬಂದ. ನಾನು ಯಾವ ವಿಷಯವನ್ನೂ ತೆಗೆಯಲಿಲ್ಲ. ಹೇಳಿದರೆ ನಗುತ್ತಾನೆ. ಮೀನು ಸಾರು ಮಾಡಿ ಬಡಿಸಿದೆ. "ನೀ ಅಬ್ಬೆ ಕೋಣೆಲಿ ಮಲ್ಕೊ, ನಾ ಶಾಲಿನಿಬಾಯಿ ಮನೇಲಿ ಒಂದು ರಾತ್ರಿ ನಿದ್ದೆ ಮಾಡ್ತೆ" ಎಂದೆ.

"ಅಷ್ಟೇ ಅಲ್ದಾ? ನೀ ಆರಾಮ ಮಲಗು ಅಕ್ಕ" ಎಂದ, ದೊಡ್ಡ ಉಪಕಾರ ಮಾಡುವವನ ಹಾಗೆ.

ನಾನು ಹೆಣದ ಹಾಗೆ ಮಲಗಿದೆ. ಬೆಳಕು ಹರಿಯುವ ಹೊತ್ತಿಗೆ ಬಂದು ನೋಡಿದರೆ ಮಂಜ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ. ಶರಟು ಬೆವರಿಗೆ ಬೆನ್ನಿಗಂಟಿತ್ತು, ಅಂಥ ಚಳಿಯಲ್ಲಿ.

"ಎಂತ ಆತಾ?"

ನೆಲ ನೋಡುತ್ತಲೇ, "ಅಕ್ಕ, ಹೊನ್ನಿ ಚಿಕ್ಕಿ ಅಲ್ದಾ ಅದು?" ಎಂದ.

"ಹೂಂ. ಸತ್ತವಳು ಬಂದು..."

"ಸತ್ತಿಲ್ಲ ಅಕ್ಕ." ಮಂಜ ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು. "ಬದುಕಿದ್ದಾಳೆ. ಅವ್ಳ ಮಗ ನಮ್ಮ ಜಾಲಿಲೇ ಮನೆ ಕಟ್ಟಿದ್ದಾನೆ, ನಮ್ಮಂಗಡಿ ಹಿಂದಿನ ಬೀದಿ. ಲಕ್ವ ಹೊಡೆದು ಮಲಗಿದ್ದಾಳೆ. ಮಾತು ಹೋಗಿ ಎಷ್ಟೋ ಕಾಲ ಆತು. ಅವ್ರ ಫ್ರಿಜ್ಜು ನೋಡೂಕೆ ಹೋದಾಗ ನಾನೇ ಕಣ್ಣಾರೆ ಕಂಡಿದ್ದೆ, ನಿಂಗೆ ಹೇಳೂಕೆ ಮರ್ತಿದ್ದೆ."

ಸತ್ತವಳು ಅಂದುಕೊಂಡಿದ್ದಾಗ ಇದ್ದ ಹೆದರಿಕೆಗೆ ಒಂದು ಆಕಾರವಾದರೂ ಇತ್ತು. ಬದುಕಿದ್ದಾಳೆ ಅಂದ ಮೇಲೆ ಅದೂ ಹೋಯಿತು.

ಆ ದಿನವೇ ಅಬ್ಬೆಯನ್ನು ಕಾರಿನಲ್ಲಿ ಕೂರಿಸಿದೆವು. ನನಗೆ ಹಟ ಬಂದಿತ್ತು. ಇಷ್ಟೊಂದು ಆಸೆಯಿದ್ದರೆ ಎದುರುಬದುರು ಕೂತು ಹಾಡಲಿ, ಮುಗಿದು ಹೋಗಲಿ ಎಂದುಕೊಂಡೆ. ಹೊನ್ನಾವರದ ಸೇತುವೆ ದಾಟುವವರೆಗೂ ಅಬ್ಬೆ ಮಲಗಿದ್ದಳು. ಆಮೇಲೆ ಎದ್ದು ಭಟ್ಕಳ ಮುಟ್ಟುವ ತನಕ ಕಾರಿನ ಬಾಗಿಲು ತೆಗೆಯಲು ನೋಡುತ್ತಿದ್ದಳು. ಅವಳ ಎರಡೂ ಕೈ ಹಿಡಿದುಕೊಂಡೇ ಕೂತೆ. ಉಗುರಿನ ಗುರುತು ಮೂಡಿ ನನ್ನ ಕೈಯಲ್ಲಿ ರಕ್ತ ಒಸರಿತು.

ಹೊನ್ನಿ ಚಿಕ್ಕಿ ಮಂಚದ ಮೇಲೆ ಒಂದು ಹಿಡಿಯಷ್ಟು ಆಗಿಹೋಗಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟ. ಕಣ್ಣು ತೆರೆದಿತ್ತು, ಸೂರು ನೋಡುತ್ತಿತ್ತು. ಅಬ್ಬೆಯನ್ನು ಪಕ್ಕದಲ್ಲೇ ಕೂರಿಸಿದೆ.

"ಕಾಣೆ ಅಬ್ಬೆ, ಯಾರಿದು ಹೇಳು?"

ಅಬ್ಬೆ ನೋಡಿದಳು. ನನ್ನನ್ನು ದಿನಾ ನೋಡುವ ಹಾಗೆಯೇ, ಖಾಲಿಯಾಗಿ. "ಪಾಪ, ಯಾರದೋ ಮುದುಕಿ" ಎಂದಳು. ಆಮೇಲೆ ನನ್ನ ಸೆರಗು ಎಳೆದು, "ನರ್ಸಮ್ಮ, ಮನಿಗೆ ಹೋಗ್ವ" ಎಂದಳು.

"ಹಕ್ಕಿ ಹಾಡು ಹೇಳೆ! ದಿನಾ ರಾತ್ರಿ ಹಾಡ್ತೆ ಅಲ್ದಾ? ಈಗ ಹೇಳು!" ಎಂದು ನಾನು ಕೂಗಿಯೇ ಬಿಟ್ಟೆ. ಬೇರೆಯವರ ಮನೆ ಎಂಬುದೂ ನೆನಪಾಗಲಿಲ್ಲ. ಮಂಜ ನನ್ನ ಹೆಗಲು ಹಿಡಿದ. ಹೊನ್ನಿ ಚಿಕ್ಕಿಯ ಕಣ್ಣು ಸೂರಿನಿಂದ ಅಲ್ಲಾಡಲಿಲ್ಲ. ಅಬ್ಬೆ ಬಿಸ್ಕಿಟು ತಿಂದಳು, ಅಷ್ಟೇ.

ಹೊರಡುವಾಗ ಹೊನ್ನಿ ಚಿಕ್ಕಿಯ ಸೊಸೆ ನನ್ನನ್ನು ಹಿತ್ತಲಿಗೆ ಕರೆದಳು. ಅವಳ ಕಣ್ಣಿನ ಕೆಳಗೂ ನನ್ನ ಕಣ್ಣಿನ ಕೆಳಗಿನಂಥದೇ ಕಪ್ಪು.

"ಅಕ್ಕ, ನೀವು ಹಾಡಿನ ಮಾತು ಎತ್ತಿದ್ರಲ್ಲ... ನಿಮ್ಮಮ್ಮ ರಾತ್ರಿ ಹಾಡ್ತಾರಾ?"

"ಹಾಡ್ತಾಳೆ. ಎಂತಕೆ?"

ಸೊಸೆ ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನಮ್ಮತ್ತೆಗೆ ನೀರು ಅನ್ನೂಕೂ ಬಾಯಿ ಬರೂದಿಲ್ಲ. ರಾತ್ರಿ ಮಾತ್ರ ಹಾಡ್ತಾರೆ. ಪೂರಾ ಅಲ್ಲ, ಒಂದು ಸೊಲ್ಲು ಬಿಟ್ಟು ಒಂದು ಸೊಲ್ಲು. ಬಿಟ್ಟ ಸೊಲ್ಲು... ಅದು ಕಪಾಟಿನ ಸಂದಿಯಿಂದ ಬತ್ತದೆ. ಯಾರದೋ ದಪ್ಪ ಸ್ವರ. ನಮ್ಮವ್ರು ನಂಬೂದಿಲ್ಲ, ಮಲಗಿದ್ರೆ ಏಳೂದಿಲ್ಲ ಅವ್ರು."

ಅವಳು ಇನ್ನೂ ಹತ್ತಿರ ಬಂದಳು.

"ಆ ಹೊತ್ತಿಗೆ ಒಂದು ವಾಸನೆನೂ ಬತ್ತದೆ ಅಕ್ಕ. ಕರ್ಪೂರದ ಎಣ್ಣೆದು. ನಮ್ಮನೇಲಿ ಅದು ಇಲ್ವೇ ಇಲ್ಲ."

ಆ ಎಣ್ಣೆ ನನ್ನ ಕೈಗೆ ಅಂಟಿಯೇ ಇತ್ತು. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಹಾಗೇ ಬಂದು ಕಾರು ಹತ್ತಿದೆ.

ದಾರಿಯಲ್ಲಿ ಮಂಜ ಒಮ್ಮೆ, "ಅಬ್ಬೆನ ಸ್ವಲ್ಪ ದಿನ ನಾ ಇಟ್ಕೊತೆ ಅಕ್ಕ, ನೀ ಸುಸ್ತಾಗಿದ್ದೆ" ಎಂದ. ಎಷ್ಟೋ ಕಾಲದಿಂದ ನಾನು ಕಾಯುತ್ತಿದ್ದ ಮಾತು ಅದು. ಆದರೆ ಅವನ ಮನೆ ಜಾಲಿಯಲ್ಲಿ, ಆ ಬೀದಿಯ ಬೆನ್ನಿಗೇ. "ಬೇಡ" ಎಂದೆ. ಯಾಕೆ ಎಂದು ಅವನೂ ಕೇಳಲಿಲ್ಲ.

ಹೊನ್ನಿ ಚಿಕ್ಕಿ ಶಿವರಾತ್ರಿಯ ಹತ್ತಿರ ತೀರಿಕೊಂಡಳು. ಮಂಜ ಬೆಳಿಗ್ಗೆ ಫೋನು ಮಾಡಿದ. ನಡುರಾತ್ರಿ ಜೀವ ಹೋಯಿತಂತೆ, ಸೊಸೆ ಪಕ್ಕದಲ್ಲೇ ಇದ್ದಳಂತೆ.

"ನಡುರಾತ್ರಿಯಾ?" ಎಂದೆ. "ಇಲ್ಲಿ ಕೋಳಿ ಕೂಗುವ ತನಕ ಹಾಡು ಇತ್ತಲ್ಲ ಮಂಜ..."

ಅವನು ಫೋನು ಇಟ್ಟಿದ್ದು ಗೊತ್ತಾಯಿತು.

ಅಬ್ಬೆಗೆ ನಾನು ಸುದ್ದಿ ಹೇಳಲಿಲ್ಲ. ಹೇಳಿದರೂ ಯಾವ ಹೊನ್ನಿ ಎನ್ನುತ್ತಿದ್ದಳು. ಈಗ ಹಗಲು ಅವಳು ಮಾತೇ ಆಡುವುದಿಲ್ಲ. ನರ್ಸಮ್ಮ ಎಂದು ಕರೆಯುವುದೂ ನಿಂತಿದೆ. ಎಂಥ ಹೆಸರಾದರೂ ಸರಿ, ಒಮ್ಮೆ ಕರೆಯಲಿ ಅನಿಸುತ್ತದೆ. ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಮಾತು ಬರುವುದು ಕಷ್ಟ, ಗಂಟಲಿಗೆ ಶಕ್ತಿಯಿಲ್ಲ ಎಂದರು. ನಾನು ತಲೆಯಾಡಿಸಿದೆ. ರಾತ್ರಿಯ ವಿಷಯ ಅವರಿಗೆ ಏನಂತ ಹೇಳಲಿ?

ಹಾಡು ನಿಂತಿಲ್ಲ. ಒಂದೇ ಒಂದು ವ್ಯತ್ಯಾಸ. ಮೊದಲು ಮರುಸೊಲ್ಲು ಬಾವಿಕಟ್ಟೆಯಿಂದ ಬರುತ್ತಿತ್ತು. ಈಗ ಕೋಣೆಯ ಒಳಗಿನಿಂದಲೇ ಬರುತ್ತದೆ. ಮಂಚದ ಪಕ್ಕದ ಕುರ್ಚಿ ಇರುವ ಕಡೆಯಿಂದ.

ನಾನು ಈಗ ಅಡುಗೆಮನೆಯಲ್ಲಿ ಮಲಗುತ್ತೇನೆ. ಆದರೆ ನಡುವೆ ಒಮ್ಮೆ ಹೋಗಲೇಬೇಕು. ಅಬ್ಬೆಯ ಬಟ್ಟೆ ಒದ್ದೆಯಾಗಿರುತ್ತದೆ, ಹಾಗೇ ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ. ದೆವ್ವವಿದೆ ಎಂದು ತೊಳೆಯದೆ ಬಿಡಲು ಆಗುತ್ತದೆಯೇ? ಒಣಬಟ್ಟೆ ತೆಗೆದುಕೊಂಡು ಬಾಗಿಲು ತಳ್ಳುತ್ತೇನೆ.

ಕಾಲು ಒಳಗಿಟ್ಟ ಕೂಡಲೇ ಎರಡೂ ದನಿಗಳು ನಿಂತುಬಿಡುತ್ತವೆ. ಅಬ್ಬೆ ಗೋಡೆ ಕಡೆ ಮುಖ ತಿರುಗಿಸುತ್ತಾಳೆ. ಕೆಸರಿನ ವಾಸನೆ ಮೂಗಿಗೆ ಅಡರುತ್ತದೆ. ನಾನು ದೀಪ ಹಾಕದೆ, ಕುರ್ಚಿಯ ಕಡೆ ನೋಡದೆ, ಒದ್ದೆ ಬಟ್ಟೆ ತೆಗೆದು ಒಣಬಟ್ಟೆ ಸುತ್ತುತ್ತೇನೆ. ಆ ಹೊತ್ತಿನಷ್ಟು ಉದ್ದದ ಮೌನ ನಾನು ಬೇರೆಲ್ಲೂ ಕಂಡಿಲ್ಲ.

ಇಬ್ಬರೂ ಕಾಯುತ್ತಿರುತ್ತಾರೆ... ನಾನು ಯಾವಾಗ ಹೊರಗೆ ಹೋಗುತ್ತೇನೆ ಎಂದು.